ಪೇಟೆಂಟ್ ಸಂಘಗಳು, ಆವಿಷ್ಕಾರಕರ ಸಂಘಗಳು: ಒಂದು ಪರಿಚಯ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಹೊಸದೊಂದು ಸಾಧನವನ್ನು ಕಂಡುಹಿಡಿದವರ ಪಾಡೂ ಬಹುಮಟ್ಟಿಗೆ ಇದೇ. ಊರಿನವರು ನಗುತ್ತಾರೆ, ಹಣವಂತರು ನಕಲು ಮಾಡುತ್ತಾರೆ. ಅಂಥವರ ಪರವಾಗಿ ದನಿಯೆತ್ತಿದ ಸಂಘಗಳಿಗೆ ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸವನ್ನು ಓದುವಾಗ ಒಂದು ಪ್ರಶ್ನೆಯನ್ನು ಮರೆಯಬಾರದು: ಸಂಘವು ರಕ್ಷಿಸಿದ್ದು ಪೇಟೆಂಟನ್ನೋ, ಆವಿಷ್ಕಾರಕನನ್ನೋ? ಇವೆರಡೂ ಒಂದೇ ಅಲ್ಲ.

ಪೇಟೆಂಟ್ ಎಂದರೆ ಒಂದು ಬಗೆಯ ಕರಾರು. ಆವಿಷ್ಕಾರಕನು ತನ್ನ ಗುಟ್ಟನ್ನು ಸಂಪೂರ್ಣವಾಗಿ ಬರೆದು ಬಹಿರಂಗಪಡಿಸಬೇಕು. ಅದಕ್ಕೆ ಪ್ರತಿಯಾಗಿ ಸರ್ಕಾರವು ನಿಗದಿತ ಅವಧಿಯವರೆಗೆ ಅದನ್ನು ಬೇರೆಯವರು ಬಳಸದಂತೆ ತಡೆಯುವ ಹಕ್ಕನ್ನು ನೀಡುತ್ತದೆ. ಭಾರತದಲ್ಲಿ ಇಂದು ಈ ಅವಧಿ ಅರ್ಜಿಯ ದಿನಾಂಕದಿಂದ 20 ವರ್ಷ.

ಲಂಡನ್ನಿನ ಆರಂಭ

1754ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ‘ಸೊಸೈಟಿ ಆಫ್ ಆರ್ಟ್ಸ್’ ಮೊದಲು ಪೇಟೆಂಟಿನ ಪರವಾಗಿರಲಿಲ್ಲ. ಉಪಯುಕ್ತ ಸಾಧನಗಳಿಗೆ ಅದು ಬಹುಮಾನ ಕೊಡುತ್ತಿತ್ತು. ಪೇಟೆಂಟ್ ಪಡೆದ ವಸ್ತುಗಳನ್ನು ಮಾತ್ರ ಬಹುಮಾನದಿಂದ ಹೊರಗಿಟ್ಟಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಅದೇ ಸಂಘ ಪೇಟೆಂಟ್ ಕಾನೂನಿನ ಸುಧಾರಣೆಗಾಗಿ ಹೋರಾಡಿತು. ಅಂದಿನ ಪದ್ಧತಿ ಅಷ್ಟು ದುಬಾರಿಯಾಗಿತ್ತು. 1850ರಲ್ಲಿ ಚಾರ್ಲ್ಸ್ ಡಿಕನ್ಸ್ ಬಡ ಕಮ್ಮಾರನೊಬ್ಬನು ಪೇಟೆಂಟಿಗಾಗಿ ಮೂವತ್ತೈದು ಹಂತಗಳನ್ನು ದಾಟುವ ಕಥೆಯನ್ನು ಬರೆದು ಈ ಅನ್ಯಾಯವನ್ನು ಬಯಲಿಗೆಳೆದರು. 1852ರ ಕಾಯಿದೆಯಿಂದ ಪೇಟೆಂಟ್ ಕಚೇರಿ ಒಂದೇ ಆಯಿತು, ಆರಂಭದ ಶುಲ್ಕ 25 ಪೌಂಡಿಗೆ ಇಳಿಯಿತು. 1883ರ ಕಾಯಿದೆಯಲ್ಲಿ ಅದು 4 ಪೌಂಡ್ ಆಯಿತು.

ಜರ್ಮನಿಯ ಸಂಘ

1860ರ ದಶಕದಲ್ಲಿ ಯೂರೋಪಿನಲ್ಲಿ ಗಾಳಿ ತಿರುಗಿತು. ಮುಕ್ತ ವ್ಯಾಪಾರದ ಪ್ರತಿಪಾದಕರು ಪೇಟೆಂಟನ್ನು ಏಕಸ್ವಾಮ್ಯವೆಂದು ಖಂಡಿಸಿದರು. 1869ರಲ್ಲಿ ನೆದರ್‌ಲ್ಯಾಂಡ್ಸ್ ತನ್ನ ಪೇಟೆಂಟ್ ಕಾಯಿದೆಯನ್ನೇ ರದ್ದುಪಡಿಸಿತು. ಹೊಸ ಕಾಯಿದೆ ಜಾರಿಯಾದದ್ದು 1912ರಲ್ಲಿ. ಇದಕ್ಕೆದುರಾಗಿ ಪೇಟೆಂಟಿನ ಬೆಂಬಲಿಗರು 1873ರಲ್ಲಿ ವಿಯೆನ್ನಾದಲ್ಲಿ ಸಮ್ಮೇಳನ ನಡೆಸಿದರು. ಮರುವರ್ಷ ಉದ್ಯಮಿ ವೆರ್ನರ್ ಸೀಮೆನ್ಸ್ ಜರ್ಮನಿಯಲ್ಲಿ ಪೇಟೆಂಟ್ ರಕ್ಷಣಾ ಸಂಘವನ್ನು ಕಟ್ಟಿದರು. ಅದರ ಒತ್ತಾಯದ ಫಲವೇ 1877ರ ಜರ್ಮನ್ ಕಾಯಿದೆ.

ಆದರೆ ಆ ಸಂಘದ ಬಲವಿದ್ದದ್ದು ಉದ್ಯಮಿಗಳಲ್ಲಿ. ಕಾಯಿದೆಯೂ ಹಾಗೆಯೇ ರೂಪುಗೊಂಡಿತು. ಪೇಟೆಂಟ್ ದೊರೆತದ್ದು ಮೊದಲು ಅರ್ಜಿ ಹಾಕಿದವರಿಗೆ, ಕಂಡುಹಿಡಿದವರಿಗಲ್ಲ. ಕಾರ್ಖಾನೆಯ ನೌಕರನು ಕಂಡುಹಿಡಿದದ್ದು ಮಾಲೀಕನ ಹೆಸರಿನಲ್ಲಿ ದಾಖಲಾಗಬಹುದಾಗಿತ್ತು. ಹಕ್ಕು ಮೂಲತಃ ಆವಿಷ್ಕಾರಕನದೆಂಬ ತತ್ತ್ವ ಜರ್ಮನ್ ಕಾಯಿದೆಗೆ ಬಂದದ್ದು 1936ರಲ್ಲಿ.

ಹೆಸರಿನ ಹಕ್ಕು

ಅಂತರರಾಷ್ಟ್ರೀಯ ಮಟ್ಟದಲ್ಲಿ 1883ರ ಪ್ಯಾರಿಸ್ ಒಪ್ಪಂದ ಮೊದಲ ಮೈಲಿಗಲ್ಲು. ಅದರ ಬೆಂಬಲಕ್ಕೆ 1897ರಲ್ಲಿ ಬ್ರಸೆಲ್ಸ್‌ನಲ್ಲಿ ‘ಎಐಪಿಪಿಐ’ ಎಂಬ ಸಂಘ ಹುಟ್ಟಿತು. ಪೇಟೆಂಟಿನಲ್ಲಿ ತನ್ನ ಹೆಸರನ್ನು ನಮೂದಿಸಿಕೊಳ್ಳುವ ಆವಿಷ್ಕಾರಕನ ಹಕ್ಕು ಮಾತ್ರ ಈ ಒಪ್ಪಂದಕ್ಕೆ ಸೇರಿದ್ದು 1934ರ ಲಂಡನ್ ಪರಿಷ್ಕರಣೆಯಲ್ಲಿ. ಒಂದು ಹೆಸರು ಬರೆಯಲು ಅರ್ಧ ಶತಮಾನ ಹಿಡಿಯಿತು! ವಿವಿಧ ದೇಶಗಳ ಆವಿಷ್ಕಾರಕರ ಸಂಘಗಳೇ ಕೂಡಿ ಒಕ್ಕೂಟ ಕಟ್ಟಿದ್ದು ಇನ್ನೂ ತಡವಾಗಿ, 1968ರಲ್ಲಿ.

ನಮ್ಮ ದೇಶದಲ್ಲಿ

ಭಾರತದ ಮೊದಲ ಪೇಟೆಂಟ್ ಕಾಯಿದೆ 1856ರದು. ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರ ವರದಿಯಲ್ಲಿ, ದೇಶದ ಬಹುಪಾಲು ಪೇಟೆಂಟುಗಳು ವಿದೇಶೀಯರ ಕೈಯಲ್ಲಿವೆ ಎಂದು ತೋರಿಸಿದರು. ಅವರ ವರದಿಯನ್ನು ಆಧರಿಸಿ 1970ರ ಕಾಯಿದೆ ರಚಿತವಾಯಿತು. ಆದರೂ ಹಳ್ಳಿಯ ಕಮ್ಮಾರ, ಬಡಗಿ, ರೈತರ ಪಾಲಿಗೆ ಪೇಟೆಂಟ್ ದೂರದ ಮಾತಾಗಿಯೇ ಉಳಿಯಿತು.

ಈ ಕೊರತೆಯನ್ನು ನೀಗಲು ಅಹಮದಾಬಾದಿನ ಪ್ರಾಧ್ಯಾಪಕ ಅನಿಲ್ ಗುಪ್ತಾ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ‘ಹನಿ ಬೀ’ ಜಾಲವನ್ನು ಆರಂಭಿಸಿದರು. ಜೇನ್ನೊಣವು ಹೂವಿಗೆ ನಷ್ಟ ಮಾಡದೆ ಮಕರಂದ ಒಯ್ಯುವಂತೆ, ಜನರ ಜ್ಞಾನವನ್ನು ಅವರ ಹೆಸರಿನೊಂದಿಗೆ, ಅವರ ಭಾಷೆಯಲ್ಲೇ ಹಂಚಬೇಕೆಂಬುದು ಅವರ ನಿಯಮ. ಜಾಲದ ಪತ್ರಿಕೆಯ ಕನ್ನಡ ಆವೃತ್ತಿಗೆ ಇಟ್ಟ ಹೆಸರು ‘ಹಿತ್ತಲಗಿಡ’! 1993ರಲ್ಲಿ ‘ಸೃಷ್ಟಿ’ ಸಂಸ್ಥೆ, 2000ದಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಇದೇ ಬೇರಿನಿಂದ ಚಿಗುರಿದವು.

ಬ್ಯಾಂಕಿನ ಸಾಲ ವಿಭಾಗದಲ್ಲಿ ವರ್ಷಗಟ್ಟಲೆ ಕುಳಿತ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹೊಲ, ಒಡವೆ, ಠೇವಣಿ ಇವು ಭದ್ರತೆಯಾಗುತ್ತವೆ. ಹೊಸ ಯೋಚನೆ ಆಗುವುದಿಲ್ಲ. ಆದ್ದರಿಂದಲೇ 2003ರಲ್ಲಿ ಸಿಡ್ಬಿ ನೆರವಿನಿಂದ ಪ್ರತಿಷ್ಠಾನವು ಆರಂಭಿಸಿದ ನಿಧಿ ನಮಗೆ ಮಹತ್ವದ್ದೆನಿಸುತ್ತದೆ. ಅಡಮಾನವಾಗಲಿ ಜಾಮೀನುದಾರರಾಗಲಿ ಇಲ್ಲದೆ, ಆವಿಷ್ಕಾರಕನ ಸಹಿಯನ್ನೇ ನಂಬಿ ಹಣ ಕೊಡುವ ಯೋಜನೆ ಅದು.

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರನ್ನು ಇಲ್ಲಿ ನೆನೆಯಲೇಬೇಕು. ಹುಣಸೆಹಣ್ಣಿನಿಂದ ಬೀಜ ಬೇರ್ಪಡಿಸುವ ಸಾಧನವನ್ನೂ ಬೀಜ ಮತ್ತು ಗೊಬ್ಬರವನ್ನು ಒಟ್ಟಿಗೆ ಬಿತ್ತುವ ಕೂರಿಗೆಯನ್ನೂ ರೂಪಿಸಿದ ಈ ರೈತರಿಗೆ ಪ್ರತಿಷ್ಠಾನವು 2015ರಲ್ಲಿ ಜೀವಮಾನ ಸಾಧನೆಯ ಪ್ರಶಸ್ತಿ ನೀಡಿತು. 2022ರಲ್ಲಿ ಪದ್ಮಶ್ರೀ ಸಂದಿತು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಮಕ್ಕಳೋ ಊರಿನ ಬಂಧುಗಳೋ ಹೊಸದನ್ನೇನಾದರೂ ಮಾಡಿದ್ದರೆ, ಅದನ್ನು ಪ್ರದರ್ಶನಕ್ಕಿಡುವ ಅಥವಾ ಪತ್ರಿಕೆಗೆ ಕೊಡುವ ಮುನ್ನ ಅರ್ಜಿ ಸಲ್ಲಿಸಲು ಹೇಳಿರಿ. ಮೊದಲೇ ಬಹಿರಂಗವಾದರೆ ಸಾಮಾನ್ಯವಾಗಿ ಹಕ್ಕು ಕೈತಪ್ಪುತ್ತದೆ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ, ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡಬಹುದು. ಮುಂಬಯಿ, ದೆಹಲಿ, ಚೆನ್ನೈ, ಕೋಲ್ಕತ್ತಗಳಲ್ಲಿ ಪೇಟೆಂಟ್ ಕಚೇರಿಗಳಿವೆ. ಕರ್ನಾಟಕದಲ್ಲಿ ವಾಸಿಸುವವರು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತಾರೆ. ಅರ್ಜಿಯಲ್ಲಿ ಆವಿಷ್ಕಾರಕರ ಹೆಸರಿಗೆಂದೇ ಒಂದು ಕಲಮು ಇದೆ. ಕಂಡುಹಿಡಿದವರ ಹೆಸರೇ ಅಲ್ಲಿರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ.