ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಐಹೊಳೆ

ಒಂದು ನಾಡಿನ ಎಲ್ಲೆಗಳು ಕಾಲಕಾಲಕ್ಕೆ ಹೇಗೆ ಬದಲಾದವು ಎಂಬುದನ್ನು ತಿಳಿಯಬೇಕಾದರೆ ಹಳೆಯ ಭೂಪಟಗಳನ್ನು ಹುಡುಕುವುದು ವಾಡಿಕೆ. ಮುಂಬಯಿಯಲ್ಲಿ ನೆಲೆಸಿದ ನಮಗೆ ಅದಕ್ಕಿಂತ ಸುಲಭವಾದ ದಾರಿಯೊಂದುಂಟು. ಕಾಳಾ ಘೋಡಾದ ಬಳಿ, ತಾಳೆ ಮರಗಳ ತೋಟದ ನಡುವೆ ಬಿಳಿಯ ಗುಮ್ಮಟವನ್ನು ಹೊತ್ತು ನಿಂತಿರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಒಂದು ದಿನ ಹೋಗಿಬಂದರೆ ಸಾಕು. ೧೯೯೮ರಲ್ಲಿ ಈ ಹೆಸರು ಬರುವ ಮೊದಲು ಅದು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಆಗಿತ್ತು. ಏಷ್ಯಾಖಂಡದ ನಾನಾ ದೇಶಗಳ ಕಲೆಯನ್ನು ಒಂದೇ ಸೂರಿನಡಿ ತೋರಿಸುವ ಈ ಭಂಡಾರದಲ್ಲಿ ನಮ್ಮ ಮಲಪ್ರಭೆಯ ದಂಡೆಯ ಕಲ್ಲುಗಳೂ ಇವೆ. ಅವು ಇಲ್ಲಿಗೆ ಬಂದುದೇಕೆ, ಇನ್ನೂ ಇಲ್ಲಿಯೇ ಇರುವುದೇಕೆ ಎಂಬುದನ್ನು ವಿಚಾರಿಸಿದರೆ ನಮ್ಮ ಸ್ವಂತ ಚರಿತ್ರೆಯ ಒಂದು ಪುಟವೇ ತೆರೆದುಕೊಳ್ಳುತ್ತದೆ.

ಮೊದಲು ಕಟ್ಟಡವನ್ನು ನೋಡೋಣ. ಆಗ ವೇಲ್ಸಿನ ಯುವರಾಜರಾಗಿದ್ದು ಮುಂದೆ ಐದನೆಯ ಜಾರ್ಜ್ ಎನಿಸಿದವರು ೧೯೦೫ರ ನವೆಂಬರ್ ೧೧ರಂದು ಇದಕ್ಕೆ ಅಡಿಗಲ್ಲನ್ನಿಟ್ಟರು. ನಕ್ಷೆಯನ್ನು ರಚಿಸಿದವನು ಜಾರ್ಜ್ ವಿಟೆಟ್. ಮುಂದೆ ಅಪೋಲೊ ಬಂದರಿನ ಗೇಟ್‌ವೇ ಆಫ್ ಇಂಡಿಯಾವನ್ನು ಕಟ್ಟಿಸಿದವನೂ ಈತನೇ. ಕುರ್ಲಾದ ಬೂದು ಕಲ್ಲು, ಮಲಾಡದ ಹಳದಿ ಛಾಯೆಯ ಕಲ್ಲು ಇವೆರಡನ್ನೂ ಬಳಸಿ ಎಬ್ಬಿಸಿದ ಕಟ್ಟಡ ೧೯೧೪ರಲ್ಲಿ ಪೂರ್ಣವಾಯಿತು. ಆದರೆ ಆ ವರ್ಷವೇ ಮಹಾಯುದ್ಧ ಹೊತ್ತಿಕೊಂಡಿತು. ಕಲಾವಸ್ತುಗಳಿಗೆಂದು ಕಟ್ಟಿದ ಅಂಗಣಗಳು ಸೈನಿಕರ ಆಸ್ಪತ್ರೆಯಾದವು. ಸಾರ್ವಜನಿಕರಿಗೆ ಬಾಗಿಲು ತೆರೆದುದು ೧೯೨೨ರ ಜನವರಿ ೧೦ರಂದು.

ಗುಮ್ಮಟಕ್ಕೆ ಮಾದರಿ ಗೋಲ್ಕೊಂಡದ್ದು ಎನ್ನುತ್ತಾರೆ. ಒಳಗೆ ನಿಂತು ಕತ್ತೆತ್ತಿದರೆ ಮಾತ್ರ ವಿಜಯಪುರದವರಿಗೆ ಪರಿಚಿತರನ್ನು ಕಂಡಂತಾಗುತ್ತದೆ. ಗುಮ್ಮಟದ ಭಾರವನ್ನು ಹೊರುವ ಒಳಗಿನ ಕಮಾನುಗಳ ಜೋಡಣೆಗೆ ವಿಟೆಟ್ ನಮ್ಮ ಗೋಲಗುಮ್ಮಟವನ್ನು ಅನುಸರಿಸಿದ್ದಾನೆ. ೧೬೫೬ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಹನ ಗೋರಿಯ ಮೇಲೆ, ಒಂದನ್ನೊಂದು ಹಾದುಹೋಗುವ ಕಮಾನುಗಳನ್ನು ಹೆಣೆದು ಅಷ್ಟು ದೊಡ್ಡ ಗುಮ್ಮಟವನ್ನು ನಿಲ್ಲಿಸಿದ ಆ ಕುಶಲಿಗಳ ಉಪಾಯ ಹೀಗೆ ಮುಂಬಯಿಗೆ ಬಂದಿತು. ನಮ್ಮ ನಾಡಿನ ಕೈಗುರುತು ಇಲ್ಲಿ ಹೊಸಿಲು ದಾಟಿದೊಡನೆಯೇ ಸಿಕ್ಕುತ್ತದೆ.

ಸಂಗ್ರಹದಲ್ಲಿ ೫೦,೦೦೦ಕ್ಕೂ ಮಿಕ್ಕಿ ವಸ್ತುಗಳಿವೆ. ಅವು ಒಂದೇ ಕೈಯಿಂದ ಬಂದವಲ್ಲ. ಸೇಠ್ ಪುರುಷೋತ್ತಮ ಮಾವಜಿಯವರ ಚಿತ್ರಗಳು ಮೊದಲಾದವನ್ನು ೧೯೧೫ರಲ್ಲಿ ಕೊಂಡರು. ಸರ್ ರತನ್ ಟಾಟಾ ಮತ್ತು ಸರ್ ದೊರಾಬ್ ಟಾಟಾ ಸೋದರರ ಸಂಗ್ರಹಗಳು ಅವರ ನಿಧನಾನಂತರ ಬಂದವು. ಮೇಲಂತಸ್ತಿನಲ್ಲಿ ನಾವು ಕಾಣುವ ಚೀನಾ ಜಪಾನುಗಳ ಸಂಪತ್ತು ಬಹುಮಟ್ಟಿಗೆ ಈ ಟಾಟಾ ಸೋದರರ ಕೊಡುಗೆ.

ಚೀನಾದ ನೀಲಿ ಬಿಳಿ ಪಿಂಗಾಣಿ, ಹಸಿರು ಛಾಯೆಯ ಜೇಡ್ ಕಲ್ಲಿನ ಕೆತ್ತನೆ, ಬೆರಳುದ್ದದ ನಶ್ಯದ ಬುಡ್ಡಿಗಳು ಇಲ್ಲಿ ಸಾಲಾಗಿ ನಿಂತಿವೆ. ನಮ್ಮ ಅಜ್ಜಂದಿರ ಸೊಂಟದಲ್ಲಿರುತ್ತಿದ್ದ ನಶ್ಯದ ಡಬ್ಬಿಯನ್ನು ಬಲ್ಲವರಿಗೆ, ಚಿಟಿಕೆ ನಶ್ಯಕ್ಕಾಗಿ ಚೀನದ ಕುಶಲಿಗಳು ಪಟ್ಟ ಪಾಡನ್ನು ಕಂಡು ನಗೆಯೂ ಬೆರಗೂ ಒಟ್ಟಿಗೇ ಹುಟ್ಟುತ್ತವೆ. ಜಪಾನೀಯರ ನೆಟ್ಸುಕೆ ಎಂಬ ಪುಟ್ಟ ಕೆತ್ತನೆಗಳೂ ಹಾಗೆಯೇ. ಅವರ ನಿಲುವಂಗಿಗೆ ಜೇಬಿಲ್ಲ. ಆದುದರಿಂದ ಚೀಲವನ್ನು ನಡುಪಟ್ಟಿಯಿಂದ ಇಳಿಬಿಟ್ಟು, ಅದು ಜಾರದಂತೆ ದಾರದ ತುದಿಗೆ ಈ ಗುಂಡಿಯನ್ನು ಸಿಕ್ಕಿಸುತ್ತಿದ್ದರು. ಎಲೆಯಡಿಕೆಯ ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದ ನಮ್ಮ ಹಳ್ಳಿಗರಿಗೆ ಇದರ ಉಪಯೋಗವನ್ನು ಯಾರೂ ವಿವರಿಸಬೇಕಾಗಿಲ್ಲ. ಚೀನಾದ ವಸ್ತುಗಳ ಮೇಲೆ ಮುಂಬಯಿಯ ಸಿರಿವಂತ ಮನೆತನಗಳಿಗೆ ಅಭಿರುಚಿ ಬೆಳೆದುದು ಕ್ಯಾಂಟನ್ ರೇವಿನೊಡನೆ ನಡೆದ ವ್ಯಾಪಾರದಿಂದ. ಇಲ್ಲಿಂದ ಹತ್ತಿಯೂ ಅಫೀಮೂ ಅಲ್ಲಿಗೆ ಹೋಗುತ್ತಿದ್ದವು. ಪಿಂಗಾಣಿಯ ಅಂದವನ್ನು ಮೆಚ್ಚುವಾಗ, ಆ ಅಫೀಮು ಚೀನಾದ ಜನಕ್ಕೆ ತಂದ ಕೇಡನ್ನೂ ನೆನೆಯದೆ ವಿಧಿಯಿಲ್ಲ.

ಇನ್ನೊಂದೆಡೆ ನೇಪಾಳ ಟಿಬೆಟ್ಟುಗಳ ಕಂಚಿನ ವಿಗ್ರಹಗಳಿವೆ. ಕ್ರಿಸ್ತಪೂರ್ವ ೯ನೆಯ ಶತಮಾನದಲ್ಲಿ ಅಸ್ಸೀರಿಯದ ರಾಜಧಾನಿಯಾದ ನಿಮ್ರುದಿನ ಅರಮನೆಯ ಕೆತ್ತನೆಯ ಕಲ್ಲುಗಳಿವೆ. ಸಿಂಧ್ ಪ್ರದೇಶದ ಮೀರ್‌ಪುರ್ ಖಾಸ್ ಎಂಬಲ್ಲಿನ ಬೌದ್ಧ ಸ್ತೂಪದ ಸುಟ್ಟ ಮಣ್ಣಿನ ಬುದ್ಧರಿದ್ದಾರೆ. ಕಲ್ಲು ದುರ್ಲಭವಾದ ಆ ಮೆಕ್ಕಲು ನೆಲದಲ್ಲಿ ಇಟ್ಟಿಗೆಯಿಂದ ಕಟ್ಟಿ, ಮಣ್ಣಿನಿಂದಲೇ ಬುದ್ಧನ ಶಾಂತ ಮುಖವನ್ನು ಮೂಡಿಸಿದ ಆ ಕಲೆ ಅಸಾಧಾರಣವಾದುದು.

ಇಂದು ಪಾಕಿಸ್ತಾನದಲ್ಲಿರುವ ಮೀರ್‌ಪುರ್ ಖಾಸಿನ ಬುದ್ಧರು ಮುಂಬಯಿಗೆ ಹೇಗೆ ಬಂದರು? ಉತ್ತರ ಸರಳ. ೧೮೪೩ರಲ್ಲಿ ಆಂಗ್ಲರ ವಶವಾದ ಸಿಂಧ್ ೧೯೩೬ರವರೆಗೂ ಮುಂಬಯಿ ಪ್ರಾಂತದ ಭಾಗವಾಗಿತ್ತು. ಆ ಸ್ತೂಪವನ್ನು ಅಗೆಸಿದವನು ಪ್ರಾಚ್ಯವಸ್ತು ಇಲಾಖೆಯ ಹೆನ್ರಿ ಕಸಿನ್ಸ್. ಇದೇ ಕಸಿನ್ಸ್ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನೂ ಸುತ್ತಿ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತು ೧೯೨೬ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಸಿಂಧೂ ನದಿಯ ಬಯಲು, ಮಲಪ್ರಭೆಯ ಕಣಿವೆ ಎರಡೂ ಅಂದು ಒಂದೇ ಪ್ರಾಂತದ ಆಡಳಿತಕ್ಕೆ ಸೇರಿದ್ದವು. ಹೀಗೆ ಸಿಂಧ್, ಗುಜರಾತ, ಮಹಾರಾಷ್ಟ್ರ, ಕನ್ನಡ ಜಿಲ್ಲೆಗಳು, ಈ ನಾಲ್ಕರ ಶಿಲ್ಪಗಳೂ ಪ್ರಾಂತದ ರಾಜಧಾನಿಯಲ್ಲಿ ನೆರೆದವು. ಮುಂದೆ ಪ್ರಾಂತ ಹರಿದು ಹಂಚಿಹೋಯಿತು. ೧೯೩೬ರಲ್ಲಿ ಸಿಂಧ್ ಬೇರೆಯಾಯಿತು. ೧೯೫೬ರ ನವೆಂಬರ್ ೧ರಂದು ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ವಿಶಾಲ ಮೈಸೂರನ್ನು ಸೇರಿದವು. ೧೯೬೦ರಲ್ಲಿ ಗುಜರಾತವೂ ಹೋಯಿತು. ವಸ್ತುಸಂಗ್ರಹಾಲಯದ ಅಂಗಣಗಳಲ್ಲಿ ಮಾತ್ರ ಆ ಹಳೆಯ ಪ್ರಾಂತ ಇನ್ನೂ ಒಟ್ಟಾಗಿಯೇ ಇದೆ.

ಈಗ ಐಹೊಳೆಯ ಕಲ್ಲುಗಳ ಬಳಿಗೆ ಬರೋಣ. ಇವು ಹುಚ್ಚಪ್ಪಯ್ಯನ ಗುಡಿಯ ಛಾವಣಿಯ ಫಲಕಗಳು. ನಮ್ಮ ಕಡೆಯ ಮಾತಿನಲ್ಲಿ ಭುವನೇಶ್ವರಿಗಳು. ಕಾಲ ಕ್ರಿಸ್ತಶಕ ೭ನೆಯ ಶತಮಾನ. ಒಂದರಲ್ಲಿ ಬ್ರಹ್ಮನಿದ್ದಾನೆ. ನಾಲ್ಕು ಮುಖಗಳಲ್ಲಿ ಮೂರು ಕಾಣುತ್ತವೆ. ಬಳಿಯಲ್ಲಿ ಹಂಸ, ಸುತ್ತ ಭಕ್ತಿಯಿಂದ ನೆರೆದ ಋಷಿಗಳು. ಶೇಷನ ಮೇಲೆ ಪವಡಿಸಿದ ವಿಷ್ಣು, ಉಮೆಯೊಡನಿರುವ ಮಹೇಶ್ವರ ಉಳಿದವು. ಮೈಯ ತುಂಬುತನ, ಆಭರಣಗಳ ಮಿತ, ಮುಖದ ನೆಮ್ಮದಿ ಇವೆಲ್ಲ ಚಾಲುಕ್ಯ ಶಿಲ್ಪದ ಯೌವನದ ಲಕ್ಷಣಗಳು. ಹೊಯ್ಸಳರ ಸೂಕ್ಷ್ಮ ಕುಸುರಿಗೆ ಇನ್ನೂ ಐದು ಶತಮಾನಗಳು ಕಳೆಯಬೇಕು.

ಒಂದು ಮಾತನ್ನು ನೆನಪಿನಲ್ಲಿಡಬೇಕು. ಇವು ಎದುರಿಗೆ ನಿಂತು ನೋಡಲೆಂದು ಕೊರೆದವಲ್ಲ. ಮಂಟಪದ ಮಬ್ಬು ಬೆಳಕಿನಲ್ಲಿ, ದೇವರ ಮುಂದೆ ನಿಂತವನು ಕತ್ತೆತ್ತಿದಾಗ ತಲೆಯ ಮೇಲೆ ಕಾಣಬೇಕಾದ ದೇವತೆಗಳಿವರು. ಇಲ್ಲಿ ಅವರು ನಮ್ಮ ಕಣ್ಣಿನ ಮಟ್ಟಕ್ಕೆ ಇಳಿದಿದ್ದಾರೆ. ಇದರಿಂದ ಶಿಲ್ಪಿಯ ಉಳಿಯ ಗುರುತನ್ನು ಹತ್ತಿರದಿಂದ ಕಾಣುವ ಲಾಭ ನಮಗಾಯಿತು. ಗುಡಿಯ ನೆರಳೂ ಎತ್ತರವೂ ಕಳೆದುಹೋದವು.

ಐಹೊಳೆ ಹೊರಗಿನ ಲೋಕವನ್ನು ಅರಿಯದ ಮೂಲೆಯ ಹಳ್ಳಿಯಾಗಿರಲಿಲ್ಲ. ಅಲ್ಲಿಯ ಮೇಗುಟಿಯ ಬಸದಿಯಲ್ಲಿ ರವಿಕೀರ್ತಿಯ ಸಂಸ್ಕೃತ ಶಾಸನವಿದೆ. ೬೩೪ರ ಈ ಶಾಸನ ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದುದನ್ನು ಮಾತ್ರವಲ್ಲದೆ, ಪಶ್ಚಿಮ ಸಮುದ್ರದ ಸಿರಿಯೆನಿಸಿದ ಪುರಿಯನ್ನು ನೂರಾರು ನಾವೆಗಳಿಂದ ಮುತ್ತಿದುದನ್ನೂ ಹೇಳುತ್ತದೆ. ಆ ಪುರಿ ಮುಂಬಯಿಯ ಮುಂದಿರುವ ಘಾರಾಪುರಿಯೇ, ಎಲಿಫೆಂಟಾ ದ್ವೀಪವೇ ಎಂಬುದು ಕೆಲವು ವಿದ್ವಾಂಸರ ಮತ. ರಾಜಪುರಿಯೆಂದು ಹೇಳುವವರೂ ಉಂಟು. ಯಾವುದೇ ಆಗಲಿ, ಚಾಲುಕ್ಯರು ಈ ಕಡಲ ಕರೆಗೆ ಬಂದುದು ನಿಜ. ಪುಲಕೇಶಿಯ ರಾಜ್ಯವನ್ನು ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಸಂದರ್ಶಿಸಿ, ಅಲ್ಲಿಯ ಜನ ಉಪಕಾರವನ್ನು ಮರೆಯರು, ಅವಮಾನವನ್ನೂ ಸಹಿಸರು ಎಂಬ ಅಭಿಪ್ರಾಯವನ್ನು ಬರೆದಿಟ್ಟನು. ಪಾರಸಿಕ ದೊರೆ ಎರಡನೆಯ ಖುಸ್ರುವಿಗೆ ಪತ್ರ ಕಳುಹಿಸಿದನೆಂದು ಚರಿತ್ರಕಾರ ತಬರಿ ಹೇಳುವ ಭಾರತದ ಅರಸನನ್ನು ಪುಲಕೇಶಿಯೆಂದೇ ಹಲವರು ಗುರುತಿಸಿದ್ದಾರೆ.

ಇನ್ನೂ ಒಂದು ಸಂಗತಿ ವಲಸೆ ಬಂದ ನಮಗೆ ವಿಶೇಷವಾಗಿ ಪ್ರಿಯವಾದುದು. ಐಹೊಳೆಯ ಹಳೆಯ ಹೆಸರಾದ ಅಯ್ಯಾವೊಳೆಯನ್ನು ಬಿರುದಿನಂತೆ ಹೊತ್ತ ಐನೂರ್ವರು ಎಂಬ ವರ್ತಕರ ಸಂಘ ದಕ್ಷಿಣ ಭಾರತದಲ್ಲೆಲ್ಲ ಹರಡಿತ್ತು. ಅದರಲ್ಲಿ ಕನ್ನಡಿಗರು ಮಾತ್ರವಲ್ಲ, ತಮಿಳರೂ ತೆಲುಗರೂ ಇದ್ದರು. ಐನೂರ್ವರ ೧೦೮೮ರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತಿದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ನಡೆದವರು ಹೋದಲ್ಲಿಯ ಜನರೊಡನೆ ಬೆರೆತು, ಅಲ್ಲಿಯ ಭಾಷೆಯಲ್ಲಿ ವ್ಯವಹರಿಸಿ, ಊರಿನ ಹೆಸರನ್ನು ಮಾತ್ರ ಬಿಡದೆ ಉಳಿಸಿಕೊಂಡರು. ಚೀನಾ, ಪರ್ಷಿಯ, ಸುಮಾತ್ರಾ ಇವೆಲ್ಲ ಆ ಕಾಲದ ಐಹೊಳೆಗೆ ಕೇಳಿ ಬಲ್ಲ ಹೆಸರುಗಳಾಗಿದ್ದರೆ ಆಶ್ಚರ್ಯವಿಲ್ಲ. ಏಷ್ಯದ ಕಲೆಯ ನಡುವೆ ಅದರ ಶಿಲ್ಪಗಳು ಇರುವುದೂ ಉಚಿತವೇ.

ಹಾಗಾದರೆ ಈ ಫಲಕಗಳು ಊರಿಗೆ ಮರಳಬೇಡವೆ? ಈ ಪ್ರಶ್ನೆ ಏಳುವುದು ಸಹಜ. ಗುಡಿಗಾಗಿ ಕೊರೆದ ಕಲ್ಲು ಗುಡಿಯಲ್ಲಿದ್ದರೇ ಚೆಂದ. ಐಹೊಳೆಗೆ ಹೋದವರು ಈ ಫಲಕಗಳನ್ನು ಅಲ್ಲಿ ಕಾಣದೆ ಬರುವುದು ವ್ಯಸನದ ಸಂಗತಿ. ಇನ್ನೊಂದು ಪಕ್ಷಕ್ಕೂ ಬಲವುಂಟು. ಒಂದು ಕಾಲಕ್ಕೆ ಐಹೊಳೆಯ ಗುಡಿಗಳಲ್ಲಿ ಜನ ಸಂಸಾರ ಹೂಡಿದ್ದರು. ಲಾಡಖಾನನ ಗುಡಿ ಮೊದಲಾದ ಹೆಸರುಗಳು ಹಾಗೆ ವಾಸವಿದ್ದವರಿಂದಲೇ ಬಂದವು. ಅಂಥ ದಿನಗಳಲ್ಲಿ ಸಂಗ್ರಹಾಲಯ ಸೇರಿದ ಶಿಲ್ಪಗಳು ಮಳೆಗಾಳಿಗೆ ಸಿಕ್ಕದೆ ಉಳಿದವು. ಅವನ್ನು ತಂದುದು ಅಂದಿನ ರಾಜ್ಯದ ರಾಜಧಾನಿಗೆ, ಪರದೇಶಕ್ಕಲ್ಲ. ಕದ್ದು ಹಡಗೇರಿಸಿದ ವಿಗ್ರಹಗಳ ಮಾತೇ ಬೇರೆ. ಎರಡು ರಾಜ್ಯಗಳ ತಜ್ಞರು ಸೌಹಾರ್ದದಿಂದ ಕುಳಿತು ಎಂದಾದರೂ ಈ ಪ್ರಶ್ನೆಯನ್ನು ವಿಚಾರಿಸಿದರೆ ನಾವು ಸಂತೋಷಪಡುತ್ತೇವೆ. ಆದರೆ ಅದನ್ನು ಬೀದಿಯ ಜಗಳವಾಗಿಸುವುದು ನಮಗೆ ಒಪ್ಪಿಗೆಯಿಲ್ಲ.

ಏಕೆಂದರೆ ಈ ಕಲ್ಲುಗಳ ಕಥೆ ನಮ್ಮ ಕಥೆಯೂ ಹೌದು. ಪ್ರಾಂತದ ಕಾಲದಲ್ಲಿ ಧಾರವಾಡ ಬೆಳಗಾವಿಗಳ ಹುಡುಗರು ಪದವಿಗಾಗಿ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಗೆ ಕುಳಿತರು. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೂ ಬೇರೆ ದಾರಿಯಿರಲಿಲ್ಲ. ಹೈಕೋರ್ಟೂ ಸೆಕ್ರೆಟರಿಯೇಟೂ ಇಲ್ಲಿಯೇ ಇದ್ದವು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಮಂಗಳೂರು ಉಡುಪಿಗಳ ಕಡೆಯವರೂ ಹಡಗನ್ನೇರಿ ಇಲ್ಲಿಗೇ ಬಂದು ಅನ್ನದ ದಾರಿ ಕಂಡುಕೊಂಡರು. ೧೯೫೬ರಲ್ಲಿ ಎಲ್ಲೆ ಸರಿಯಿತು. ಹುಟ್ಟಿದ ಜಿಲ್ಲೆ ಅತ್ತ ಹೋಯಿತು. ನೌಕರಿ, ಮನೆ, ಮಕ್ಕಳ ಶಾಲೆ ಇತ್ತ ಉಳಿದವು. ಅಂದು ಏಕೀಕರಣಕ್ಕಾಗಿ ಹಂಬಲಿಸಿ, ಅದು ಕೈಗೂಡಿದಾಗ ಆ ನಾಡಿನ ಹೊರಗೆ ಉಳಿದವರು ನಮ್ಮ ಹಿರಿಯರು. ನವೆಂಬರ್ ೧ರ ಸಂತೋಷದ ಒಳಗೆ ಅವರಿಗಿದ್ದ ಆ ಸಣ್ಣ ನೋವನ್ನು ಈ ಸಂಚಿಕೆಯ ಓದುಗರಿಗಿಂತ ಚೆನ್ನಾಗಿ ಯಾರು ಬಲ್ಲರು?

ನಮ್ಮ ಮಕ್ಕಳು ಆ ನೋವನ್ನು ಅರಿಯರು; ಅರಿಯಬೇಕಾದುದೂ ಇಲ್ಲ. ಶಾಲೆಯಿಂದ ಈ ಸಂಗ್ರಹಾಲಯಕ್ಕೆ ಬಂದಾಗ ಜಪಾನಿನ ಕತ್ತಿಯನ್ನೂ ಗಾಜಿನ ಪೆಟ್ಟಿಗೆಯ ಹುಲಿಯನ್ನೂ ನೋಡಿ ಹಿಗ್ಗುತ್ತಾರೆ. ಐಹೊಳೆಯ ಬ್ರಹ್ಮನ ಮುಂದೆ ನಿಲ್ಲದೆ ಸಾಗುತ್ತಾರೆ. ಅದು ಅವರ ತಪ್ಪಲ್ಲ. ಐಹೊಳೆ ಎಂಬುದು ಅಜ್ಜನ ಊರಿನ ಆಚೆಯ ಊರು ಎಂದು ಅವರಿಗೆ ಯಾರೂ ಹೇಳಿಲ್ಲ. ಫಲಕದ ಪಕ್ಕದ ಬರಹದಲ್ಲಿ ಊರಿನ ಹೆಸರಿರುತ್ತದೆ. ಆ ಹೆಸರಿಗೆ ಅರ್ಥ ಕೊಡುವ ಕೆಲಸ ತಂದೆತಾಯಂದಿರದು, ಸಂಘಸಂಸ್ಥೆಗಳದು.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಈ ರಾಜ್ಯೋತ್ಸವದ ತಿಂಗಳಲ್ಲಿ ಒಂದು ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಕಾಳಾ ಘೋಡಾಕ್ಕೆ ಹೋಗಿರಿ. ಎಲ್ಲವನ್ನೂ ಒಂದೇ ದಿನ ನೋಡುವ ಹಟ ಬೇಡ. ಸಿಂಧಿನ ಬುದ್ಧನನ್ನು, ಚೀನಾದ ನಶ್ಯದ ಬುಡ್ಡಿಯನ್ನು, ಕೊನೆಯಲ್ಲಿ ಐಹೊಳೆಯ ಫಲಕಗಳನ್ನು ನಿಧಾನವಾಗಿ ತೋರಿಸಿರಿ. ಬರುವ ಬೇಸಗೆಯಲ್ಲಿ ಊರಿಗೆ ಹೋಗುವಾಗ ಸೊಲ್ಲಾಪುರ, ವಿಜಯಪುರದ ದಾರಿಯ ರೈಲು ಹಿಡಿದು ಬಾದಾಮಿಯಲ್ಲಿ ಇಳಿಯಿರಿ. ಅಲ್ಲಿಂದ ಐಹೊಳೆ ದೂರವಲ್ಲ. ಹುಚ್ಚಪ್ಪಯ್ಯನ ಗುಡಿಯೊಳಗೆ ನಿಂತು ಛಾವಣಿಯನ್ನು ನೋಡಿ, ಇಲ್ಲಿದ್ದ ಬ್ರಹ್ಮ ಈಗ ಎಲ್ಲಿದ್ದಾನೆಂದು ಮಕ್ಕಳನ್ನು ಕೇಳಿರಿ. ಅವರು ಉತ್ತರ ಹೇಳಬಲ್ಲರಾದರೆ, ನಾವು ವರ್ಷವರ್ಷವೂ ಹಾಕುವ ಈ ಚಪ್ಪರ, ಏರಿಸುವ ಈ ಬಾವುಟ ಸಾರ್ಥಕವಾದಂತೆ.