ಕೆರೆ ಅಳೆದ ಮಕ್ಕಳ ಲೆಕ್ಕ

ತುಮಕೂರು ಪೇಟೆಯಿಂದ ಶಿರಾ ಗೇಟ್ ಕಡೆಗೆ ಹೊರಟರೆ ಅಮಾನಿಕೆರೆ ಸಿಗುತ್ತದೆ. ಊರಿನ ಮಗ್ಗುಲಲ್ಲೇ ಇಷ್ಟು ದೊಡ್ಡ ಕೆರೆ ಇದ್ದರೂ ನಗರದ ನಲ್ಲಿಗಳಿಗೆ ನೀರು ಬರುವುದು ಬುಗುಡನಹಳ್ಳಿ ಕೆರೆಯಿಂದ. ಆ ಕೆರೆಗೆ ನೀರು ಬರುವುದು ದೂರದ ಹೇಮಾವತಿಯಿಂದ. ಹೀಗೇಕಾಯಿತು? ಇಂಥ ಪ್ರಶ್ನೆಗೆ ಹೈಸ್ಕೂಲು ಮಕ್ಕಳೇ ಉತ್ತರ ಹುಡುಕಬಲ್ಲರು ಎಂದು ನಂಬಿ ಹುಟ್ಟಿದ ಸ್ಪರ್ಧೆಯೊಂದಿದೆ: ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ.

ಅದರ ಬೇರು 1980ರ ದಶಕದಲ್ಲಿದೆ. 1984ರಲ್ಲಿ ಭೋಪಾಲದ ವಿಷಾನಿಲ ದುರಂತ ನಡೆಯಿತು. ವಿಜ್ಞಾನ ಯಾರಿಗಾಗಿ ಎಂಬ ಪ್ರಶ್ನೆ ಪ್ರಯೋಗಾಲಯದಿಂದ ಬೀದಿಗೆ ಬಂತು. 1987ರಲ್ಲಿ ದೇಶದ ಐದು ದಿಕ್ಕುಗಳಿಂದ ಹೊರಟ ಭಾರತ ಜನ ವಿಜ್ಞಾನ ಜಾಥಾ ಕೊನೆಗೊಂಡದ್ದೂ ಭೋಪಾಲದಲ್ಲೇ. ಅದೇ ಮಧ್ಯಪ್ರದೇಶದ ಗ್ವಾಲಿಯರ್ ವಿಜ್ಞಾನ ಕೇಂದ್ರ ಮಕ್ಕಳ ಸಮಾವೇಶವನ್ನು ಮೊದಲು ನಡೆಸಿ ನೋಡಿತು. 1991ರಲ್ಲಿ ಸುಪ್ರೀಂ ಕೋರ್ಟು ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. 1993ರಲ್ಲಿ ಗ್ವಾಲಿಯರ್‌ನ ಪ್ರಯೋಗ ಇಡೀ ದೇಶದ ಕಾರ್ಯಕ್ರಮವಾಯಿತು. ನಮ್ಮಲ್ಲಿ ಅದನ್ನು ಜಿಲ್ಲೆ ಜಿಲ್ಲೆಗೆ ಒಯ್ದದ್ದು 1980ರಲ್ಲಿ ಸ್ಥಾಪನೆಯಾದ, ‘ಬಾಲ ವಿಜ್ಞಾನ’ ಮಾಸಪತ್ರಿಕೆಯಿಂದ ಕನ್ನಡ ಶಾಲೆಗಳಿಗೆಲ್ಲ ಪರಿಚಯವಿದ್ದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು.

ಥರ್ಮಕೋಲಿನ ಜ್ವಾಲಾಮುಖಿ ಮಾಡಿ ಮೇಜಿನ ಮೇಲಿಡುವ ವಸ್ತುಪ್ರದರ್ಶನಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಂಡ ಕಟ್ಟಿಕೊಂಡು ತಮ್ಮೂರಿನದೇ ಒಂದು ಸಮಸ್ಯೆ ಆರಿಸಬೇಕು. ಮನೆ ಮನೆಗೆ ಹೋಗಿ ಕೇಳಬೇಕು, ಅಳೆಯಬೇಕು, ದಿನಚರಿ ಪುಸ್ತಕದಲ್ಲಿ ಬರೆದಿಡಬೇಕು. ಶಾಲೆ ಬಿಟ್ಟ ಮಕ್ಕಳಿಗೂ ಅವಕಾಶವುಂಟು. ಮಾತೃಭಾಷೆಯಲ್ಲೇ ವರದಿ ಮಂಡಿಸಬಹುದು. ವಿಜ್ಞಾನವೆಂದರೆ ಇಂಗ್ಲಿಷ್ ಎಂದುಕೊಂಡಿದ್ದ ಹಳ್ಳಿ ಶಾಲೆಗೆ ಇದು ಸಣ್ಣ ಮಾತಲ್ಲ. ಮೊದಲು ಒಂದು ತಂಡದಲ್ಲಿ ಐವರವರೆಗೆ ಇರಬಹುದಿತ್ತು. ಈಚಿನ ವರ್ಷಗಳಲ್ಲಿ ಅದು ಇಬ್ಬರಿಗೆ ಇಳಿದಿದೆ.

ಕೇಂದ್ರ ವಿಷಯ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. 2004–05ರಲ್ಲಿ ಜಲಸಂಪನ್ಮೂಲ, 2006–07ರಲ್ಲಿ ಜೀವವೈವಿಧ್ಯ, 2014–15ರಲ್ಲಿ ಹವಾಮಾನ. ತುಮಕೂರು ಜಿಲ್ಲೆಗೆ ಇವು ಯಾವುವೂ ಪುಸ್ತಕದ ವಿಷಯಗಳಲ್ಲ. ಪಾವಗಡ, ಶಿರಾ ಕಡೆ ಕೊಳವೆಬಾವಿ ಆಳಕ್ಕಿಳಿದಷ್ಟೂ ಫ್ಲೋರೈಡಿನ ಭಯ; ಗುಬ್ಬಿ ಕಡೆ ತೆಂಗು ಅಡಿಕೆ ತೋಟಗಳಿಗೆ ನೀರಿನ ಚಿಂತೆ.

ಆದರೆ ವಿಷಯ ಬದಲಾಗುವುದರಲ್ಲೇ ಒಂದು ನಷ್ಟವೂ ಅಡಗಿದೆ. ನೀರಿನ ವರ್ಷದಲ್ಲಿ ಬಾವಿಯ ಆಳ ಅಳೆದ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುತ್ತಾರೆ. ಮುಂದಿನ ತಂಡ ಚಿಟ್ಟೆಯನ್ನೋ ಮಳೆಯನ್ನೋ ಹಿಡಿಯುತ್ತದೆ. ಅದೇ ಬಾವಿಯನ್ನು ಮತ್ತೆ ಅಳೆಯಲು ಯಾರಿಗೂ ಕಾರಣ ಉಳಿಯುವುದಿಲ್ಲ. ಬಹುಮಾನದ ಫೋಟೋ ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆ ಸೇರಬಹುದು. ದಿನಚರಿ ಪುಸ್ತಕಕ್ಕೆ ಅಂಥ ಜಾಗ ಸಿಗುವುದು ಅಪರೂಪ.

ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಗುಂಪು ಕಟ್ಟಿಕೊಂಡು ಹಕ್ಕಿಗಳನ್ನು ಹೊಡೆಯುವ ಪಂದ್ಯವೊಂದಿತ್ತು. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞ, ಕೊಲ್ಲುವ ಬದಲು ಎಣಿಸೋಣ ಎಂದ. ಮೊದಲ ವರ್ಷ ಬಂದವರು 27 ಮಂದಿ. ಆ ಎಣಿಕೆ ಇಂದಿಗೂ ನಡೆದಿದೆ. ಯಾವ ಹಕ್ಕಿ ಕಡಿಮೆಯಾಯಿತು ಎಂದು ತಿಳಿಯಲು ವಿಜ್ಞಾನಿಗಳು ಅದೇ ಹಳೆಯ ಲೆಕ್ಕ ತೆಗೆದು ನೋಡುತ್ತಾರೆ. ಎಣಿಸಿದವರು ಸಾಮಾನ್ಯರೇ. ಲೆಕ್ಕವನ್ನು ಯಾರೂ ಎಸೆಯಲಿಲ್ಲ, ಅಷ್ಟೆ.

ನಮ್ಮ ಕೆರೆಗಳ ಇತಿಹಾಸ ಬರೆಯುವವರು ಶಾಸನ, ಗೆಜೆಟಿಯರುಗಳನ್ನು ಹುಡುಕುತ್ತಾರೆ. ಈ ಮೂವತ್ತು ವರ್ಷಗಳ ಇತಿಹಾಸಕ್ಕೆ ಮಕ್ಕಳ ವರದಿಗಳೂ ಆಕರವೇ. ಪ್ರತಿ ಶಾಲೆ ತನ್ನ ತಂಡಗಳ ವರದಿಗಳನ್ನು ಒಂದು ಕಟ್ಟಾಗಿ ಗ್ರಂಥಾಲಯದಲ್ಲಿಟ್ಟು, ವಿಷಯ ಯಾವುದೇ ಇರಲಿ, ಹಳೆಯ ಅಳತೆಯೊಂದನ್ನು ಪ್ರತಿವರ್ಷ ಹೊಸ ತಂಡದಿಂದ ಮತ್ತೆ ಮಾಡಿಸಿದರೆ ಸಾಕು. ಆಗ ಅಮಾನಿಕೆರೆಗೆ ಏನಾಯಿತು ಎಂದು ಕೇಳುವ ಮುಂದಿನ ಹುಡುಗಿಗೆ ತನ್ನ ಶಾಲೆಯ ಬೀರುವಿನಲ್ಲೇ ಉತ್ತರದ ಒಂದು ತುದಿ ಸಿಕ್ಕೀತು.