ವಾಲ್ತೆಲ್ಲೀನದ ದ್ರಾಕ್ಷಿ

ಸುಲಭವಾಗಿ ಸವಿಯಬಹುದಾದ ಕಾವ್ಯಕ್ಕೆ ನಮ್ಮ ಲಾಕ್ಷಣಿಕರು ದ್ರಾಕ್ಷಾಪಾಕವೆಂದು ಹೆಸರಿಟ್ಟರು. ಹಣ್ಣು ತಿಂದವರ ಮಾತದು. ಬೆಳೆದವರ ಪಾಡು ಬೇರೆಯೆಂಬುದನ್ನು ಉತ್ತರ ಇಟಲಿಯ ವಾಲ್ತೆಲ್ಲೀನ ಕಣಿವೆಯಲ್ಲಿ ಕಾಣಬೇಕು.

ಆಲ್ಪ್ಸ್ ಪರ್ವತಗಳ ಮಡಿಲಿನ ಈ ಕಣಿವೆಯ ಹೊಳೆಗೆ ಅಡ್ಡಾ ಎಂದು ಹೆಸರು. ನಮ್ಮ ನುಡಿಗೂ ಅದಕ್ಕೂ ನಂಟಿಲ್ಲ. ಆದರೂ ನಕಾಶೆಯ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಅಡ್ಡಗೆರೆ ಎಳೆದಂತೆಯೇ ಅದು ಹರಿಯುತ್ತದೆ! ಆದ್ದರಿಂದ ಬಡಗಣ ದಡದ ಇಳಿಜಾರೆಲ್ಲ ತೆಂಕಣ ಬಿಸಿಲಿಗೆ ಮೈಯೊಡ್ಡಿದೆ. ಬಿಸಿಲೇನೋ ಉಂಟು, ಮಣ್ಣೇ ಇಲ್ಲ. ಜನರು ಬಂಡೆಯೊಡೆದು, ಗಾರೆ ಸೋಕಿಸದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆಯೆಬ್ಬಿಸಿದರು. ಅದರ ಹಿಂದಣ ತೆರಪಿಗೆ ಕೆಳಗಿನಿಂದ ಮಣ್ಣನ್ನು ಬೆನ್ನಬುಟ್ಟಿಯಲ್ಲಿ ಹೊತ್ತು ತುಂಬಿದರು, ಹೆಂಗಸರೂ ಹೊತ್ತರು. ಈ ಗೋಡೆಗಳನ್ನೆಲ್ಲ ಒಂದೇ ಸಾಲಿಗೆ ಜೋಡಿಸಿದರೆ ಸುಮಾರು 2,500 ಕಿಲೋಮೀಟರ್ ಉದ್ದವಾಗುವುದೆಂದು ಲೆಕ್ಕ. ಹಗಲು ಕಾದ ಕಲ್ಲು ಇರುಳಿನಲ್ಲಿ ಬಳ್ಳಿಗೆ ಬಿಸುಪನ್ನೀಯುತ್ತದೆ. ಅಲ್ಲಿಯ ಒಂದು ಪ್ರದೇಶಕ್ಕೆ ಇನ್ಫೆರ್ನೊ, ಎಂದರೆ ನರಕ, ಎಂದೇ ಹೆಸರು. ಬೇಸಗೆಯಲ್ಲಿ ದುಡಿದವನೇ ಇಟ್ಟಿರಬೇಕು.

ಇಲ್ಲಿಯ ಮುಖ್ಯ ತಳಿ ನೆಬ್ಬಿಯೋಲೊ. ಊರವರ ಬಾಯಲ್ಲಿ ಕ್ಯಾವೆನ್ನಾಸ್ಕ. ಕೊಯ್ದ ಗೊಂಚಲುಗಳನ್ನು ಗಾಳಿಯಾಡುವಲ್ಲಿ ವಾರಗಟ್ಟಲೆ ಬಾಡಿಸಿ, ಆಮೇಲೆ ಹಿಂಡಿ ಮಾಡುವ ಸ್ಫೋರ್ಸಾತೊ ಎಂಬ ಗಡಸು ಮದ್ಯವೂ ಉಂಟು. ಲಿಯೊನಾರ್ಡೊ ದ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಈ ಕಣಿವೆಯ ಮದ್ಯದ ಕಸುವನ್ನು ಗುರುತಿಸಿದ್ದಾನೆ. ಮದ್ಯದ ಗುಣದೋಷವನ್ನು ವಾಚಕರಿಗೇ ಬಿಟ್ಟು ನಾನು ಚರಿತ್ರೆಗೆ ಬರುತ್ತೇನೆ.

1512ರಲ್ಲಿ ಕಣಿವೆಯು ಬೆಟ್ಟದಾಚೆಯ ಗ್ರಿಸನ್ಸ್ ಒಕ್ಕೂಟದ ವಶವಾಯಿತು. ಬೆರ್ನೀನ ಘಟ್ಟ ಹತ್ತಿ, ಹೇಸರಗತ್ತೆಗಳ ಬೆನ್ನ ಮೇಲೆ ಮದ್ಯವು ಉತ್ತರಕ್ಕೆ ಸಾಗಿತು. ಆದರೆ ಒಡೆಯರಲ್ಲಿ ಪ್ರಾಟೆಸ್ಟೆಂಟರು ಬಹಳ, ಒಕ್ಕಲಲ್ಲಿ ಕ್ಯಾಥೊಲಿಕರು ಬಹಳ. 1620ರ ಜುಲೈಯಲ್ಲಿ ಕಣಿವೆಯ ಪ್ರಾಟೆಸ್ಟೆಂಟರ ಕಗ್ಗೊಲೆಯಾಯಿತು. ನೂರಾರು ಮಂದಿ ಮಡಿದರು. ಅದರ ಹಿಂದೆಯೇ ಪರದೇಶದ ಸೈನ್ಯಗಳು ಬಂದವು. 1639ರಲ್ಲಿ ಮತ್ತೆ ಒಕ್ಕೂಟದ ಕೈಸೇರಿದ ನಾಡನ್ನು 1797ರಲ್ಲಿ ನೆಪೋಲಿಯನ್ ಕಿತ್ತುಕೊಂಡನು. ಒಡೆತನ ಹೋಯಿತು; ಬೆಟ್ಟದಾಚೆಯ ಗಿರಾಕಿ ಮಾತ್ರ ಹೋಗಲಿಲ್ಲ.

ಇಷ್ಟು ದೊರೆತನಗಳನ್ನು ಕಂಡ ಗೋಡೆಗಳಿಗೆ ಈಗ ಆಳಿನ ಅಭಾವ. 1983ರ ಮೇ ತಿಂಗಳ ಜಡಿಮಳೆಯಲ್ಲಿ ತ್ರೆಸೆಂದ ಎಂಬಲ್ಲಿ ಮೆಟ್ಟಿಲುತೋಟಗಳು ಜಾರಿ ಬಂದು ಹತ್ತಕ್ಕೂ ಹೆಚ್ಚು ಜನ ಸತ್ತರು. 2018ರಲ್ಲಿ ಯುನೆಸ್ಕೊ ಸಂಸ್ಥೆಯು ಇಟಲಿಯೂ ಸೇರಿ ಎಂಟು ದೇಶಗಳ ಗಾರೆಯಿಲ್ಲದ ಕಲ್ಲುಗೋಡೆಯ ವಿದ್ಯೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕುಸಿದ ಕಲ್ಲನ್ನು ಮಾತ್ರ ಈಗಲೂ ಕೈಯಿಂದಲೇ ಎತ್ತಿಡಬೇಕು. ಆ ಕಡಿದಾದ ಇಳಿಜಾರಿಗೆ ದೊಡ್ಡ ಯಂತ್ರಗಳು ಹತ್ತವು.